ನೆಲದ ಮೇಲೆ ಸಿಗದ ದೋಷ

"'ದೋಷ ಕಂಡುಬಂದಿಲ್ಲ' ಅಂತ ಬರೆದೋರು ನೀವೇನಾ?"

ವಿಮಾನದ ಹೊಟ್ಟೆಯೊಳಗೆ ಅರ್ಧ ತೂರಿಕೊಂಡಿದ್ದ ಮನುಷ್ಯ ಬೆಚ್ಚಿ ತಲೆ ಎತ್ತಿದ. ಟಣ್! ಹಣೆ ಚೌಕಟ್ಟಿಗೆ ಬಡಿಯಿತು.

"ಹೌದು ಮೇಡಂ... ಅಯ್ಯೋ... ನಾನೇ."

ಹಣೆ ಉಜ್ಜಿಕೊಳ್ಳುತ್ತಾ ಹೊರಬಂದವನು ದುರಸ್ತಿ ವಿಭಾಗದ ಇಂಜಿನಿಯರ್. ಕೆನ್ನೆಯ ಮೇಲೆ ಗ್ರೀಸಿನ ಮಸಿ. ಎದುರಿಗೆ ನಿಂತವಳು ಸಹ-ಪೈಲಟ್. ನಾಲ್ಕು ಜನರ ನಡುವೆ ನಾಲ್ಕು ಮಾತಾಡಲೂ ಹಿಂಜರಿಯುವ ಹುಡುಗಿಗೆ ಇವತ್ತು ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು!

ನಿನ್ನೆ ಮೋಡಗಳ ಮೇಲೆ, ಸರಕಿನ ಬಾಗಿಲು ತೆರೆದಿದೆ ಎನ್ನುವ ಎಚ್ಚರಿಕೆ ದೀಪ ಹತ್ತಿತ್ತು. ಹಿಂದಿರುಗೋಣ ಎಂದವಳು ಅವಳೇ. ಪ್ರಯಾಣಿಕರೆಲ್ಲ ಗೊಣಗುತ್ತಾ ಇಳಿದಿದ್ದರು. ಈಗ ವಿಮಾನದ ದೋಷಗಳನ್ನು ದಾಖಲಿಸುವ ಲಾಗ್ ಪುಸ್ತಕದಲ್ಲಿ ಈ ಮಾತು! ಅವಳನ್ನು ಕ್ಯಾಪ್ಟನ್ ಮಾಡಬೇಕೋ ಬೇಡವೋ ಎಂದು ಸೋಮವಾರ ತೀರ್ಮಾನಿಸುವವರು ಓದುವುದು ಇದನ್ನೇ. ವಿಶ್ರಾಂತಿ ಕೊಠಡಿಯಲ್ಲಿ ಆಗಲೇ 'ಪುಕ್ಕಲಿ' ಎಂಬ ಪಿಸುಮಾತು...

"ಅಂದ್ರೆ ನಾನು ಕನಸು ಕಂಡ್ನಾ?"

"ಛೆ ಛೆ! ನಮ್ಮ ಭಾಷೇಲಿ ಹಾಗಂದ್ರೆ, ನೆಲದ ಮೇಲೆ ಸಿಗ್ಲಿಲ್ಲ, ಇನ್ನೂ ಹುಡುಕ್ತಿದ್ದೀನಿ ಅಂತ."

"ನಮ್ಮ ಭಾಷೇಲಿ, ಪೈಲಟ್‌ಗೆ ತಲೆ ಕೆಟ್ಟಿದೆ ಅಂತ!"

ಅವನು ಪೆಚ್ಚಾದ. ಕೈಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಮೇಲಿನ ಚಳೀಲೇ ಅದು ಬಾಲ ಬಿಚ್ಚೋದು ಅನ್ಸುತ್ತೆ. ನಾಳೆ ಖಾಲಿ ವಿಮಾನ ಹಾರಿಸಿ ನೋಡೋಕೆ ಒಪ್ಪಿಗೆ ತಗೊಂಡಿದ್ದೀನಿ. ನಾನೂ... ಬರ್ತೀನಿ."

ಆ 'ಬರ್ತೀನಿ' ಎನ್ನಲು ಅವನು ಯಾಕೆ ತಡವರಿಸಿದನೋ, ಅವಳಿಗೆ ಮರುದಿನ ತಿಳಿಯಿತು. ಪೈಲಟ್‌ಗಳ ಹಿಂದಿನ ಪುಟ್ಟ ಆಸನದಲ್ಲಿ, ಬಾಗಿಲಿನ ತಂತಿಗಳಿಗೆ ಜೋಡಿಸಿದ ಅಳತೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ಬೆಲ್ಟನ್ನು ಮೂರು ಸಲ ಬಿಗಿದ.

"ಏನ್ರೀ, ವಿಮಾನ ರಿಪೇರಿ ಮಾಡೋರೇ ವಿಮಾನಕ್ಕೆ ಹೆದರ್ತೀರಾ?" ಹಿರಿಯ ಕ್ಯಾಪ್ಟನ್ ನಕ್ಕರು.

"ಏನೇನು ಕೆಡಬಹುದು ಅಂತ ಗೊತ್ತಿರೋದಕ್ಕೇ ಹೆದರಿಕೆ ಸಾರ್! ನಾನು ಹಾರ್ತಿರೋದು ಇದೇ ಮೊದಲು."

ಅವಳಿಗೆ ನಗು ತಡೆಯಲಾಗಲಿಲ್ಲ. 'ಮತ್ತೆ ಯಾಕಪ್ಪಾ ಬಂದೆ...?'

ಎತ್ತರ ಏರಿದಂತೆ ಹೊರಗೆ ಕೊರೆಯುವ ಚಳಿ. ಇದ್ದಕ್ಕಿದ್ದಂತೆ ಸದ್ದು... ದೀಪ ಹತ್ತಿತು!

ಅವಳು ಮೊದಲು ದೀಪವನ್ನಲ್ಲ, ವಿಮಾನವನ್ನು ನೋಡಿದಳು. ಏರುವುದನ್ನು ನಿಲ್ಲಿಸಿ ಸಮತಟ್ಟಾಗಿ ಹಿಡಿದಳು. ಕ್ಯಾಪ್ಟನ್ ಎಚ್ಚರಿಕೆಯ ಸದ್ದು ನಿಲ್ಲಿಸಿ, ಇಂಥ ಹೊತ್ತಲ್ಲಿ ಏನು ಮಾಡಬೇಕೆಂದು ತಿಳಿಸುವ ಪುಸ್ತಕ ತೆರೆದು ಓದತೊಡಗಿದರು.

"ಒಳಗಿನ ಗಾಳಿ ಒತ್ತಡ?"

"ಸರಿಯಿದೆ."

"ಅಂದ್ರೆ ಬಾಗಿಲು ಮುಚ್ಚೇ ಇದೆ. ಆದ್ರೂ ದೀಪ ಆರ್ತಿಲ್ಲ."

"ದೀಪ ಸುಳ್ಳು ಹೇಳ್ತಿದೆ ಅಂತ ನಂಬಿ ಕೂರೋದಿಲ್ಲ ಸಾರ್. ಇಳಿಸ್ತೀನಿ."

"ಪುಸ್ತಕ ಹೇಳೋದೂ ಅದನ್ನೇ. ಮೊನ್ನೆ ನೀನು ಮಾಡಿದ್ದೂ ಅದನ್ನೇ. ಇಳಿಸಮ್ಮ."

ಅವಳ ದನಿಯಲ್ಲಿ ನಡುಕವಿರಲಿಲ್ಲ. ಹಿಂದೆ ಕೂತವನು ಭಯ ಮರೆತು, ತನ್ನ ಯಂತ್ರದ ಅಂಕಿಗಳನ್ನು ನೋಡಿ ಕೂಗಿದ. "ಸಿಕ್ತು! ಬಾಗಿಲ ಸೆನ್ಸರಿನ ಪ್ಲಗ್ಗಲ್ಲಿ ನೀರು ಸೇರಿದೆ. ಮೇಲೆ ಹೆಪ್ಪುಗಟ್ಟುತ್ತೆ, ಕೆಳಗೆ ಕರಗಿಹೋಗುತ್ತೆ!"

ಇಳಿದ ಕೂಡಲೇ ಅವನು ಅದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬಿಡಿಸಿ ಬರೆದು, ಕೊನೆಗೆ 'ಪೈಲಟ್‌ನ ನಿರ್ಧಾರ ಸರಿಯಾಗಿತ್ತು' ಎಂದು ಸೇರಿಸಿದ. ಓದಿದ ಅವಳ ಕಣ್ಣು ಮಂಜಾಯಿತು.

"ಯಂತ್ರ ಒಂದನ್ನೇ ಕಳಿಸಬಹುದಿತ್ತು. ಅಷ್ಟು ಹೆದರ್ಕೊಂಡು ನೀವ್ಯಾಕೆ ಬಂದ್ರಿ?"

"ನಿಮ್ಮನ್ನ ಪುಕ್ಕಲಿ ಅಂದ್ರಲ್ಲ... ನಂಗೆ ಸಹಿಸೋಕಾಗ್ಲಿಲ್ಲ. ನೀವು ಅಂದ್ರೆ ನಂಗೆ..."

ಅಷ್ಟರಲ್ಲಿ ಅವನ ಫೋನ್! ಅವನಮ್ಮನ ಗಂಟಲು ಅವಳಿಗೂ ಕೇಳುವಷ್ಟು ಜೋರು. "ಬಸ್ಸಲ್ಲೇ ಕಣ್ಣು ಮುಚ್ಕೊಳ್ಳೋನು ವಿಮಾನ ಹತ್ತಿದ್ಯಂತೆ! ಯಾವ ಹುಡುಗಿಗೋಸ್ಕರ ಕಣೋ?"

ಅವನ ಕಿವಿಯೆಲ್ಲ ಕೆಂಪು. ಮೆಲ್ಲಗೆ ಫೋನನ್ನು ಅವಳತ್ತ ಚಾಚಿದ. ಅವಳು ಅದನ್ನು ಕಿವಿಗಿಟ್ಟುಕೊಂಡಳು.

"ನಮಸ್ಕಾರ ಅತ್ತೆ..."

ಆ ಕಡೆಯಿಂದ ಉಕ್ಕಿ ಬಂದ ನಗು. "ಇನ್ನೊಂದ್ಸಲ ಹೇಳಮ್ಮ, ಸರಿಯಾಗಿ ಕೇಳಿಸ್ಲಿಲ್ಲ!"

ಅವನು ನಂಬಲಾರದೆ ಅವಳನ್ನೇ ನೋಡಿದ. "ಬಾಯಿ ತಪ್ಪಿ ಬಂತಾ?"

ಅವಳು ಕಣ್ಣೆತ್ತಿ ನಕ್ಕಳು.

"ಇಲ್ಲ."