ಹಿಮ್ಮುಖವಾಗಿ ಹತ್ತಿದ ಗುಡ್ಡ

1916ರ ಬೇಸಿಗೆ; ಯೆಲ್ಲೋಸ್ಟೋನ್ ಉದ್ಯಾನದೊಳಕ್ಕೆ ಕಾರು ಬಿಡಲು ಶುರುಮಾಡಿ ಒಂದು ವರ್ಷವಾಗಿತ್ತಷ್ಟೆ. ಅಪ್ಪನ ಜೊತೆ ನೆಬ್ರಾಸ್ಕಾದಿಂದ ಪ್ರವಾಸ ಬಂದಿದ್ದ ಆರ್ಫಾ ಈ ಏರನ್ನೂ ಹಿಮ್ಮುಖವಾಗಿಯೇ ಹತ್ತಬೇಕಿತ್ತು. ಅವರ ಫೋರ್ಡ್ ಕಾರಿನ ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ. ಕಡಿದಾದ ಏರನ್ನು ಮುಮ್ಮುಖವಾಗಿ ಹತ್ತಿದರೆ ಟ್ಯಾಂಕಿಗಿಂತ ಮೇಲಾಗುವ ಇಂಜಿನ್ನಿಗೆ ಪೆಟ್ರೋಲ್ ಹರಿಯುವುದಿಲ್ಲ. ಹಾಗಾಗಿ ಕಾರಿನ ಬೆನ್ನು ಗುಡ್ಡಕ್ಕೆ, ಮುಖ ಹಿಂದೆ ಬರುವವರಿಗೆ.

ಹಿಂದೆ ಬರುತ್ತಿದ್ದವನು ಎಮೆಟ್. ಅವನು ಹೊಡೆಯುತ್ತಿದ್ದುದು ನಾಲ್ಕು ಕುದುರೆಯ ಸಾರೋಟು, ಅದರ ತುಂಬ ದೊಡ್ಡ ಹೋಟೆಲಿನ ಶ್ರೀಮಂತರು.

ಮೊದಲ ದಿನ ಅವನೇ ಕೆಣಕಿದ್ದ. "ಏನಮ್ಮ, ಪಾರ್ಕ್ ನೋಡೋಕ್ ಬಂದ್ರೋ, ಮುನಿಸ್ಕೊಂಡು ವಾಪಸ್ ಹೊರಟ್ರೋ? ಕುದುರೆ ತಗೊಳ್ರೀ, ಕುದುರೆ!"

"ನಿಮ್ಮ ಸಾರೋಟು ನಮ್ಮಂಥವರನ್ನ ಯಾವತ್ತು ಹತ್ತಿಸ್ಕೊಂಡಿತ್ತು? ಈ ಡಬ್ಬ ಇರೋದಕ್ಕೇ ನಾವೂ ಬಂದ್ವಿ," ಎಂದು ಅವಳೂ ಬಿಟ್ಟಿರಲಿಲ್ಲ.

ಆಮೇಲೆ ಪ್ರತಿ ಏರಿನಲ್ಲೂ ಮುಖಾಮುಖಿ. ಅವನು ಟೋಪಿಯ ಅಂಚು ಎತ್ತಿ ನೋಡುವನು. ಅವಳು ನೋಡದವಳಂತೆ ನೋಡುವಳು.

ಇದು ಕೊನೆಯ ಏರು. ಮೇಲೆ ದಾರಿ ಕವಲೊಡೆಯುತ್ತದೆ: ಅವಳು ನೆಬ್ರಾಸ್ಕಾಕ್ಕೆ, ಅವನು ಹೋಟೆಲಿಗೆ. ಮುಂದಿನ ವರ್ಷ ಇಲ್ಲಿ ಬರೀ ಮೋಟಾರಂತೆ, ಕುದುರೆಗಳನ್ನೆಲ್ಲ ಮಾರುತ್ತಾರಂತೆ. ಎಮೆಟ್ ಎಲ್ಲಿಗೆ ಹೋಗುವನೋ ಅವನಿಗೇ ಗೊತ್ತಿಲ್ಲ. ಗುಡ್ಡದ ನೆತ್ತಿ ಹತ್ತಿರವಾದಷ್ಟೂ ಆರ್ಫಾಳಿಗೆ ಚಡಪಡಿಕೆ. ಇವನು ಬಾಯಿ ಬಿಡುವವನಲ್ಲ. ನಾನಾದರೂ ಹೇಗೆ ಬಾಯಿ ಬಿಡಲಿ?

"ಹಿಂದೆ ನೋಡೇ, ಆರ್ಫಾ!" ಕಾರು ಜಾರಿದರೆ ಚಕ್ರಕ್ಕೆ ಒಡ್ಡಲು ಮರದ ತುಂಡು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ ಅಪ್ಪ ಕೂಗಿದ.

ಅವಳು ಎಮೆಟ್‌ನನ್ನೇ ನೋಡುತ್ತಿದ್ದಳು. ಕಾರು ಚರಂಡಿಗೆ ಇಳಿಯಿತು.

ಸಾರೋಟಿನ ಹೆಂಗಸರು ಕಿಸಕ್ಕೆಂದರು. ಎಮೆಟ್ ನಗಲಿಲ್ಲ. ಮುಂದಿನ ಎರಡು ಕುದುರೆ ಬಿಚ್ಚಿ ತಂದು, ಕಾರಿಗೆ ಹಗ್ಗ ಕಟ್ಟುತ್ತಾ, ತಲೆ ತಗ್ಗಿಸಿಯೇ ಕೇಳಿದ. "ಈಗಾದ್ರೂ ಕುದುರೆ ತಗೊಳ್ತೀರಾ? ಅಗ್ಗಕ್ಕೆ ಸಿಗ್ತವೆ. ಹೊಡೆಯೋನು ಬಿಟ್ಟಿ."

ತಮಾಷೆಯ ಮಾತೇ. ಆದರೆ ಅವನ ಕೈಯಲ್ಲಿ ಗಂಟು ಜಾರುತ್ತಲೇ ಇತ್ತು.

"ಕುದುರೆ ನಮ್ಮ ಹೊಲದಲ್ಲಿ ಬೇಕಾದಷ್ಟಿವೆ," ಎಂದಳು ಆರ್ಫಾ. "ಹೊಡೆಯೋನೇ ಇಲ್ಲ. ಎಮೆಟ್, ನಿನ್ನ ಬಿಟ್ಟು ಹೋಗೋಕೆ ನಂಗೆ ಮನಸಿಲ್ಲ. ಈ ಬೇಸಿಗೆ ಕೆಲಸ ಮುಗಿದ ಮೇಲೆ ಬರ್ತೀಯಾ?"

ಅವನು ಟೋಪಿ ತೆಗೆದು ಎದೆಗೆ ಹಿಡಿದ. "ಕರೆಯೋದಿಲ್ವೇನೋ ಅಂದ್ಕೊಂಡಿದ್ದೆ. ಬರ್ತೀನಿ."

"ಮೊದಲು ಕಾರು ಎತ್ತಯ್ಯಾ!" ಎಂದ ಅಪ್ಪ. "ಆಮೇಲೆ ನನ್ನನ್ನೂ ಒಂದು ಮಾತು ಕೇಳು."

ಗುಡ್ಡದ ಮೇಲೆ ದಾರಿ ಸಮವಾಗಿತ್ತು, ಕಾರು ತಿರುಗಿಸಿಕೊಳ್ಳಲು ಜಾಗವೂ ಇತ್ತು. ಆರ್ಫಾ ತಿರುಗಿಸಲಿಲ್ಲ. ಕವಲು ದಾಟಿ, ಎಮೆಟ್‌ನ ಸಾರೋಟು ಮರಗಳ ಮರೆಗೆ ಹೋಗುವವರೆಗೂ ಹಿಮ್ಮುಖವಾಗಿಯೇ ಓಡಿಸಿದಳು. ಈ ಸಲ ಅಪ್ಪನೇ ಹಿಂದೆ ನೋಡುತ್ತಾ ದಾರಿ ಹೇಳಿದ.