ಜಿನಮತಿ ಬರೆದ ನಾಲ್ಕು ಸಾವಿರ ಸಾಲು

"ನನ್ನ ಪ್ರೋಗ್ರಾಂ ಮುಟ್ಟಿದ್ರ ಕೈ ಮುರೀತೀನಿ, ಹುಷಾರ್!"

ಒಳಗೆ ಕೂತಿದ್ದ ಜಿನಮತಿಯ ಗದರಿಕೆಗೆ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಧನಪಾಲ ನಿಂತುಬಿಟ್ಟ. ಕೆಲಸಕ್ಕೆ ಬಂದ ಮೊದಲ ದಿನ... ಮೊದಲ ಮಾತು!

ಅದು ೧೯೯೩. ಚಿಕ್ಕೋಡಿ ಕಡೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ಯಾವ ರೈತನ ಕಬ್ಬು ಯಾವಾಗ ಕಡಿಯಬೇಕೆಂಬ ಪಾಳಿ ಹಚ್ಚುತ್ತಿದ್ದುದು ಬೋರಗಾಂವದ ಜಿನಮತಿ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಅದಕ್ಕೆ ಇಡೀ ದಿನ ಹಿಡಿಯುತ್ತಿತ್ತು. ಹಾಗಾಗಿ ಮ್ಯಾನೇಜರ್ ಬಾಬಾಸಾಹೇಬರು ನಿಪ್ಪಾಣಿಯಿಂದ ಧನಪಾಲನನ್ನು ಕರೆಸಿದ್ದರು. ಪಾಳಿ ಹಚ್ಚುವ ಭಾಗವನ್ನು ಅವನು ಬೇಗ ಓಡುವ ಸಿ ಭಾಷೆಯಲ್ಲಿ ಬರೆಯಬೇಕು; ಜಿನಮತಿಯ ಪ್ರೋಗ್ರಾಂ ರೈತರ ಹೆಸರು, ಊರು ಕೊಟ್ಟು ಅದನ್ನು ಓಡಿಸಬೇಕು.

"ಮುಟ್ಟೂದಿಲ್ರಿ. ಹಳೇ ಕೋಬಾಲ್ ಓದಾಕ ನನಗೂ ಪುರಸೊತ್ತಿಲ್ಲ," ಎಂದ.

ಎಷ್ಟು ಸೊಕ್ಕು ಇವನಿಗೆ, ಎಂದುಕೊಂಡಳು ಜಿನಮತಿ.

ಹದಿನೈದು ದಿನ ಬೆನ್ನಿಗೆ ಬೆನ್ನು ಹಾಕಿ ಕೂತರು. ಕೊನೆಗೆ ಇಬ್ಬರ ಪ್ರೋಗ್ರಾಂಗಳೂ ಕೂಡಿ ಓಡಿದಾಗ ಅರ್ಧ ನಿಮಿಷದಲ್ಲಿ ಪಟ್ಟಿ ಬಂತು!

ವಾರದೊಳಗೆ ಅಕ್ಕೋಳದ ರೈತ ಲಗಮಣ್ಣ ಬಂದು ಮೇಜು ಗುದ್ದಿದ. "ಪಟ್ಟ್ಯಾಗ ನನ್ನ ಹೆಸರ ಇಲ್ಲಲ್ರೀ! ಕಬ್ಬು ಹೂ ಬಿಟ್ಟು ಒಣಗಾಕತ್ತೈತಿ!"

ಹುಡುಕಿದರೆ, ನಲವತ್ತು ರೈತರ ಹೆಸರು ಊರಿನ ಹೆಸರಿನೊಂದಿಗೆ ಕಲಸಿಹೋಗಿ ಅವರ ಪಾಳಿಯೇ ತಪ್ಪಿತ್ತು.

"ಹೆಸರು ಆಕಿ ಕಡೆಯಿಂದನ ಕೆಟ್ಟು ಬಂದಾವ್ರಿ," ಎಂದುಬಿಟ್ಟ ಧನಪಾಲ.

ಬಾಬಾಸಾಹೇಬರು ಜಿನಮತಿಯನ್ನು ಅಂದೇ ಮನೆಗೆ ಕಳಿಸಿದರು.

ಬಸ್ಸಿನಲ್ಲಿ ಅವಳ ಕಣ್ಣೀರು ನಿಲ್ಲಲಿಲ್ಲ. ಮೂರು ವರ್ಷದ ದುಡಿತ... ಅವನ ಒಂದು ಮಾತಿಗೆ ಹೋಯಿತೇ? ಈ ಜನ್ಮದಲ್ಲಿ ಕ್ಷಮಿಸಲಾರೆ!

ನಾಲ್ಕನೆಯ ದಿನ ಕಾರ್ಖಾನೆಯಿಂದ ಕರೆ ಬಂತು. ಹೋದರೆ, ಬಾಬಾಸಾಹೇಬರ, ಲಗಮಣ್ಣನ ಎದುರೇ ಧನಪಾಲ ಎದ್ದು ನಿಂತ.

"ತಪ್ಪು ನಂದ್ರಿ. ಹೆಸರಾದ ಮ್ಯಾಲ ಖಾಲಿ ಜಾಗಾ ಬಂದ್ರ ಹೆಸರು ಮುಗೀತು ಅಂತ ತಿಳಕೊಂಡಿದ್ದೆ. ಹೆಸರಿಗೆ ಇಟ್ಟದ್ದು ಇಂತಿಷ್ಟ ಅಕ್ಷರದ ಜಾಗಾ; ಉದ್ದ ಹೆಸರು ಅದನ್ನ ತುಂಬಿದ್ರ ಖಾಲಿ ಜಾಗಾನ ಉಳಿಯೂದಿಲ್ಲ. ನನ್ನ ಕೋಡ್ ಊರಿನ ಹೆಸರನ್ನೂ ಸೇರಿಸಿ ಓದೈತಿ. ಇವರನ್ನ ಒಂದು ಮಾತು ಕೇಳಿದ್ರ ಸಾಕಿತ್ತು... ಕೇಳಲಿಲ್ಲ."

ಜಿನಮತಿ ಅವನತ್ತ ನೋಡಲೂ ಇಲ್ಲ. ನೇರ ಹೋಗಿ ಕೀಲಿಮಣೆಯ ಮುಂದೆ ಕೂತಳು.

"ಹೆಸರಿನ ಜೋಡಿ ಅದರ ಉದ್ದಾನೂ ಕಳಸ್ತೀನಿ. ಅಷ್ಟ ಓದ್ರಿ. ಒಂದಕ್ಷರ ಹೆಚ್ಚಿಗಿ ಓದಬ್ಯಾಡ್ರಿ!"

ಮಧ್ಯಾಹ್ನದೊಳಗೆ ಪಟ್ಟಿ ಸರಿಯಾಯಿತು. ನಾಳೆಯೇ ಕಡಿಯುವ ಚೀಟಿ ಹಿಡಿದು ಲಗಮಣ್ಣ ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು.

"ತಪ್ಪು ಹೆಂಗ ಸಿಕ್ತು?" ಅವಳ ದನಿ ಇನ್ನೂ ಬಿಗಿಯಾಗಿತ್ತು.

"ನೀವು ಬರದ ನಾಲ್ಕು ಸಾವಿರ ಸಾಲು ಓದಿದೆ, ಮೂರು ದಿನ ಕೂತು. ಎಷ್ಟು ಚಂದ ಬರದೀರಿ... ಓದ್ಕೋತ ಓದ್ಕೋತ ನನ್ನ ಸೊಕ್ಕು ಇಳೀತು. ನಿಮ್ಮ ಮ್ಯಾಲ ಮನಸು ಕುಂತತ್ರಿ."

ಅವಳು ಕೀಲಿಮಣೆಯಿಂದ ಕೈ ತೆಗೆದು ಅವನತ್ತ ತಿರುಗಿದಳು. ಆದರೂ ಮಾತು ಬಿರುಸಾಗಿಯೇ ಬಂತು.

"ನಿಮ್ಮಿಂದ ನಾ ಬಸ್ಸಿನ್ಯಾಗ ಅಳಕೋತ ಹೋಗೇನಿ. ಅದನ್ನ ಮರಿಯಾಂಗಿಲ್ಲ!"

"ಮರೀಬ್ಯಾಡ್ರಿ. ಜನ್ಮಪೂರ್ತಿ ಬೈರಿ... ಕೇಳ್ಕೋತ ಇರ್ತೀನಿ. ನಿಮ್ಮ ಅಪ್ಪಾರನ್ನ ಕಾಣಾಕ ಬರಲೇನ್ರಿ?"

"ನಮ್ಮಪ್ಪ ಬಾಳ ಸಿಟ್ಟಿನ ಮನಷ್ಯಾ."

"ನಿಮಗಿಂತಾನೂ?"

ಎಷ್ಟು ತುಟಿ ಕಚ್ಚಿದರೂ ನಗು ಹೊರಗೆ ಬಂದೇಬಿಟ್ಟಿತು.

"ಐತವಾರ ಬರ್ರಿ. ಹೊತ್ತು ಮುಳುಗೂದ್ರೊಳಗ ಬರ್ರಿ ಮತ್ತ! ಆಮ್ಯಾಲ ನಮ್ಮ ಮನ್ಯಾಗ ಯಾರೂ ಉಣ್ಣೂದಿಲ್ಲ."

"ನಾವೂ ಜೈನರ ಅದೀವ್ರಿ. ನಮ್ಮ ಮನ್ಯಾಗೂ ಅದ ಪದ್ಧತಿ ಐತ್ರಿ," ಎಂದ ಧನಪಾಲ ಮೆಲ್ಲಗೆ. "ಮುಂಜಾನೆನ ಬರ್ತೀನಿ."