ಸೇತುವೆಯ ಸುಂಕ

ಗೇಮ್ ಕಂಪನಿಯ ಗಾಜಿನ ಬಾಗಿಲು ಪುಡಿಪುಡಿಯಾಗಿತ್ತು. ಒಳಗಿನ ಸೋಫಾ ಸುಟ್ಟು ಕರಕಲಾಗಿತ್ತು. ಬೆಂಕಿ ಆರಿಸಲು ಹೋದ ಕಾವಲುಗಾರ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿತ್ತು: 'ಸೇತುವೆ ದಾಟೋಕೂ ಸುಂಕ ಕೇಳ್ತೀರಾ? ಸುಟ್ಟುಹಾಕ್ತೀವಿ.'

ಬೆಳಿಗ್ಗೆ ಬಂದ ಇನ್‌ಸ್ಪೆಕ್ಟರ್ ಅದನ್ನು ಓದಿ, ಯಾರೂ ಫೋಟೊ ತೆಗೆಯದಂತೆ ಗೋಡೆಗೆ ಬಟ್ಟೆ ಕಟ್ಟಿಸಿದಳು.

"ಆಟಗಾರರದ್ದೇ ಕೆಲಸ ಮೇಡಂ," ಎಂದ ಮಾರಾಟ ವಿಭಾಗದ ಮುಖ್ಯಸ್ಥ. ಬೈದು ಬೈದು ಕಂಪನಿಯ ಮಾನ ಹರಾಜು ಹಾಕುತ್ತಿದ್ದಾರೆ, ಯಾರೂ ಆಟ ಕೊಳ್ಳಬೇಡಿ ಎಂದು ಸಾರುತ್ತಿದ್ದಾರೆ ಎಂದು ದೂರಿದ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನ ವಿಳಾಸವನ್ನೂ ತಾನೇ ಹುಡುಕಿಕೊಟ್ಟ. ಆಟದಲ್ಲಿ ಆ ಮನುಷ್ಯನ ಅಡ್ಡಹೆಸರು ಕೆಂಡ.

*

ಕೆಂಡ ಲೇತ್ ಕೆಲಸದವನು. ಠಾಣೆಗೆ ಎಳೆದು ತರುವಾಗಲೇ ಟಿವಿಯವರು ಅವನ ಮುಖ ತೋರಿಸಿಬಿಟ್ಟಿದ್ದರು. ಮಧ್ಯಾಹ್ನದೊಳಗೆ ವರ್ಕ್‌ಶಾಪಿನ ಯಜಮಾನ ಇನ್ನು ಬರಬೇಡ ಎಂದು ಹೇಳಿಕಳಿಸಿದ. ಶಾಲೆಯಲ್ಲಿ ಮಗಳ ಪಕ್ಕ ಯಾರೂ ಕೂರಲಿಲ್ಲ.

ಸಿಟ್ಟಿರುವುದು ನಿಜ ಎಂದು ಅವನು ಒಪ್ಪಿಕೊಂಡ. ಯಾಕಿರಬಾರದು? ಪೂರ್ತಿ ಬೆಲೆ ಕೊಟ್ಟು ಆಟ ಕೊಂಡವನಿಗೆ ಕತ್ತಿಗೆ ಬೇರೆ ದುಡ್ಡು, ಕುದುರೆಗೆ ಬೇರೆ. ಆ ಕುದುರೆ ಓಡಬೇಕಾದರೆ ಮತ್ತಷ್ಟು. ಮನೆ ಮಾರಿದ ಮೇಲೆ ಚಿಲಕಕ್ಕೆ ಬಾಡಿಗೆ ಕೇಳುವ ಜನ ಇವರು. ಮೈ ಉರಿಯದೆ ಇನ್ನೇನಾಗುತ್ತದೆ?

"ಬಾಯ್ತುಂಬ ಬೈದಿದೀನಿ ಮೇಡಂ. ಬೆಂಕಿ ಹಚ್ಚಿಲ್ಲ."

"ಸೇತುವೆ ಸುಂಕಕ್ಕೆ ಸಿಟ್ಟಾಗಿ ಹಚ್ಚಿದ್ದಲ್ವಾ?"

ಅವನು ಕಕ್ಕಾಬಿಕ್ಕಿಯಾದ. "ಸೇತುವೆಗೆಲ್ಲಿ ಸುಂಕ? ಇಡೀ ಆಟದಲ್ಲಿ ಪುಕ್ಕಟೆ ಉಳಿದಿರೋದು ಅದೊಂದೇ."

ಇನ್‌ಸ್ಪೆಕ್ಟರ್ ಆಟ ತರಿಸಿ, ಎದುರಿಗೇ ಕೂತು ಆಡಿಸಿ ನೋಡಿದಳು. ಕುದುರೆ ಯಾರನ್ನೂ ಕೇಳದೆ ಸೇತುವೆ ದಾಟಿತು.

*

ಇನ್‌ಸ್ಪೆಕ್ಟರ್ ಸೇತುವೆಯ ಮಾತೆತ್ತುತ್ತಲೇ ಕಂಪನಿಯಲ್ಲಿ ಆಟ ಕಟ್ಟುವ ಹುಡುಗಿ ಬಿಳಿಚಿಕೊಂಡಳು. ಇನ್‌ಸ್ಪೆಕ್ಟರ್‌ಗೆ ಮೊದಲು ಅವಳ ಮೇಲೆಯೇ ಅನುಮಾನ ಬಂತು. ಆದರೆ ಆ ರಾತ್ರಿ ಅವಳು ಅಕ್ಕನ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಳು. ವಿಚಾರಿಸಿದರೆ ಅದು ನಿಜವೇ ಆಗಿತ್ತು.

"ಸುಂಕ ಬರೋದು ಮುಂದಿನ ತಿಂಗಳು ಮೇಡಂ," ಎಂದಳು ಮೆಲ್ಲಗೆ. "ಈಗ ಒಂದೇ ಒಂದು ಯಂತ್ರದಲ್ಲಿದೆ. ಮಾರಾಟದ ಸಾಹೇಬರ ಕೋಣೇಲಿ. ಯಾರಿಗೂ ಬಾಯಿಬಿಡಬೇಡ ಅಂದಿದ್ರು."

ಇನ್‌ಸ್ಪೆಕ್ಟರ್ ನೆಟ್ಟಗೆ ಮುಖ್ಯಸ್ಥನ ಕೋಣೆಗೆ ನುಗ್ಗಿದಳು.

"ಜನ ಆಡೋದು ಇವತ್ತಿನ ಆಟ. ನೀವು ಆಡೋದು ಮುಂದಿನ ತಿಂಗಳದ್ದು. ಇನ್ನೂ ಬರದೇ ಇರೋ ಸುಂಕಕ್ಕೆ ಅವರು ಹೇಗೆ ಸಿಟ್ಟಾಗ್ತಾರೆ? ಗೋಡೆ ಮೇಲೆ ಬರೆಯೋವಾಗ ಅದು ಮರೆತೇಹೋಯ್ತಲ್ಲ ನಿಮಗೆ."

ಅವನು ವಕೀಲರ ಹೆಸರೆತ್ತಿದ. ಅಷ್ಟರಲ್ಲಿ ಅವನ ಕಾರಿನ ಡಿಕ್ಕಿಯಲ್ಲಿ ಕೆಂಪು ಬಣ್ಣದ ಡಬ್ಬ ಸಿಕ್ಕಿತು. ಆಮೇಲೆ ಎಲ್ಲ ಕಕ್ಕಿದ. ಆಟಗಾರರೆಲ್ಲ ಗೂಂಡಾಗಳು ಅನ್ನಿಸಿದರೆ ಅವರ ದೂರಿಗೆ ಯಾರೂ ಕಿವಿಗೊಡುವುದಿಲ್ಲ ಎಂಬ ಲೆಕ್ಕಾಚಾರವಂತೆ. ಬರೀ ಸೋಫಾ ಸುಡಲಿ ಅಂದುಕೊಂಡಿದ್ದನಂತೆ. ಕಾವಲುಗಾರ ಓಡಿಬರುತ್ತಾನೆ ಎಂದು ಗೊತ್ತಿರಲಿಲ್ಲವಂತೆ.

"ಕತ್ತಿ ಮಾರಿದ್ರಿ, ಕುದುರೆ ಮಾರಿದ್ರಿ," ಎಂದಳು ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿ. "ಕೊನೆಗೆ ಆ ಜನರ ಸಿಟ್ಟನ್ನೂ ಬಿಡಲಿಲ್ವಲ್ಲ."

*

ಸಂಜೆ ಠಾಣೆಯ ಮುಂದೆ ಮತ್ತೆ ಕ್ಯಾಮೆರಾಗಳು ಮುತ್ತಿಕೊಂಡವು. ಹಿಂದಿನಿಂದ ಸದ್ದಿಲ್ಲದೆ ಹೊರಟುಹೋಗು ಎಂದು ಕಾನ್‌ಸ್ಟೆಬಲ್ ಕೆಂಡನಿಗೆ ಬುದ್ಧಿ ಹೇಳಿದ.

"ತರೋವಾಗ ಮುಂದಿನಿಂದಲೇ ತಂದ್ರಲ್ಲ," ಎಂದ ಕೆಂಡ.

ಇನ್‌ಸ್ಪೆಕ್ಟರ್ ನಾಚಿಕೆಯಿಂದ ಕುಗ್ಗಿಹೋದಳು. ಮೊದಲು ತಾನೇ ಹೊರಗೆ ಬಂದು, ತಪ್ಪು ನನ್ನದೇ ಎಂದು ಮೈಕಿನ ಮುಂದೆ ಹೇಳಿದಳು. ಕೆಂಡ ಬಂದು ಅವಳ ಪಕ್ಕ ನಿಂತ. ಮುಖ ಮುಚ್ಚಿಕೊಳ್ಳಲಿಲ್ಲ.

"ಈಗ ತೋರಿಸಿ," ಎಂದ. "ಅದೇ ಮುಖ. ಆಗ ಎಷ್ಟು ಸಲ ತೋರಿಸಿದ್ರೋ, ಅಷ್ಟೇ ಸಲ."